ಓದದೆ ಬಿಟ್ಟ ಏಳನೆಯ ಕಲಮು

ನನಗೆ ಅಕ್ಷರ ಕಲಿಸಿದ್ದು ಕನ್ನಡ ಶಾಲೆ. ಓದಿ ಹೇಳುವುದನ್ನು ಕಲಿಸಿದವರು ನಮ್ಮ ದೊಡ್ಡಪ್ಪ. ಇವೆರಡೂ ಬೇರೆ ಬೇರೆ ವಿದ್ಯೆ ಎಂದರೆ ಈಗಿನವರು ನಗಬಹುದು. ನಾನಂತೂ ಅರವತ್ತೈದು ದಾಟುವವರೆಗೆ ಅದರಲ್ಲಿ ನಗುವಂಥದ್ದೇನೂ ಕಂಡವನಲ್ಲ.

ದೊಡ್ಡಪ್ಪ ನಮ್ಮೂರಿನ ಬ್ರಾಂಚ್ ಪೋಸ್ಟ್ ಆಫೀಸಿನ ಮಾಸ್ತರರಾಗಿದ್ದರು. ಶಿರಸಿಯಿಂದ ಸಿದ್ದಾಪುರಕ್ಕೆ ಹೋಗುವ ರಸ್ತೆಯಿಂದ ಮೂರು ಮೈಲಿ ಒಳಗಿನ ಊರು ನಮ್ಮದು. ಆಫೀಸೆಂದರೆ ಜಗುಲಿಯ ಒಂದು ಮೂಲೆ. ಒಂದು ಮೇಜು, ಒಂದು ಸಣ್ಣ ತಕ್ಕಡಿ, ಒಂದು ಠಸ್ಸೆ. ಸುತ್ತಲಿನ ಕೇರಿಗಳ ಜನ ಕಾಗದ ಬಂತೆಂದರೆ ಬಂದು ಮೆಟ್ಟಿಲ ಮೇಲೆ ಕೂರುತ್ತಿದ್ದರು. ದೊಡ್ಡಪ್ಪ ಕಾಗದ ಬಿಚ್ಚಿ ಮೊದಲು ತಾವೊಬ್ಬರೇ ಕಣ್ಣಿನಲ್ಲಿ ಓದಿಕೊಳ್ಳುವರು. ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸುವರು. ಎಮ್ಮೆ ಕರು ಹಾಕಿತೇ, ಗದ್ದೆಗೆ ಹಂದಿ ಬಂತೇ ಎಂದು ಕೇಳುವರು. ಆಮೇಲೆ ಓದುವರು. ಬರೆದವನು ಬೈಗುಳದಿಂದ ಶುರು ಮಾಡಿದ್ದರೆ ದೊಡ್ಡಪ್ಪ ಕ್ಷೇಮದಿಂದ ಶುರು ಮಾಡುತ್ತಿದ್ದರು.

ಮಂಚಿಕೇರಿಯ ಕಡೆ ಮದುವೆ ಮಾಡಿಕೊಟ್ಟ ಹುಡುಗಿಯೊಬ್ಬಳು ಯಾರ ಕೈಯಲ್ಲೋ ಬರೆಸಿದ ಕಾಗದ ಒಮ್ಮೆ ಬಂತು. ಅವಳ ಅವ್ವ ಎದುರಿಗೆ ಕೂತಿದ್ದಳು. ದೊಡ್ಡಪ್ಪ ಓದಿದರು: ಆರಾಮಿದ್ದೇನೆ, ಹಬ್ಬಕ್ಕೆ ಬರುತ್ತೇನೆ, ತಮ್ಮನಿಗೆ ಹೇಳು. ಅವ್ವ ಕಣ್ಣೊರೆಸಿಕೊಂಡು ನಗುತ್ತ ಹೋದಳು. ನಾನು ಹಿಂದಿನಿಂದ ಇಣುಕಿ ನೋಡಿದೆ; ಕಾಗದದಲ್ಲಿ ಹೊಡೆತದ ಮಾತೂ ಇತ್ತು. ಕೇಳಿದೆ. ದೊಡ್ಡಪ್ಪ ಹೇಳಿದರು: "ತಮಾ, ಕಾಗದ ಓದವು ಅಂದ್ರೆ ಮೊದ್ಲು ಎದುರಿಗೆ ಕೂತವರ ಮುಖ ನೋಡವು. ಮುಖ ತಡಿಯದ್ದು ಇದ್ರೆ ಆಗ ಓದಲಾಗ."

ಕೇಳುವವರ ಮುಖ ತಡೆಯದ್ದನ್ನು ಆಗ ಓದಬಾರದು; ಇದನ್ನು ನಾನು ಕಲಿತೆ. ಮರುದಿನ ಅವರು ಬೆಳಗಿನ ಬಸ್ಸು ಹಿಡಿದು ಮಂಚಿಕೇರಿಗೆ ಹೋಗಿ, ಆ ಹುಡುಗಿಯ ಮಾವನ ಜೊತೆ ಮಾತಾಡಿ, ಸಂಜೆ ಅವಳ ಅಪ್ಪನನ್ನು ಒಬ್ಬನನ್ನೇ ಕರೆದು ಎಲ್ಲ ಹೇಳಿದರು. ಅದನ್ನೂ ನೋಡಿದ್ದೆ. ಅದನ್ನು ಮಾತ್ರ ಕಲಿಯಲಿಲ್ಲ.

ದೊಡ್ಡಪ್ಪನ ನಂತರ ಆ ಮೇಜು ನನಗೆ ಬಂತು. ಮೂವತ್ತಕ್ಕೂ ಹೆಚ್ಚು ವರ್ಷ ಅದರ ಹಿಂದೆ ಕೂತೆ. ಕಾಗದ ಬರೆಯುವುದು ನಿಂತು ಫೋನು ಬಂದಮೇಲೂ ಓದಿ ಹೇಳುವ ಕೆಲಸ ನಿಲ್ಲಲಿಲ್ಲ. ಬ್ಯಾಂಕಿನ ನೋಟೀಸು, ಅರಣ್ಯ ಇಲಾಖೆಯ ನೋಟೀಸು, ಪಿಂಚಣಿ ನಿಂತಿದೆಯೆಂಬ ಕಾಗದ. ನಾನೂ ಕನ್ನಡಕ ಒರೆಸಿ, ಎಮ್ಮೆಯ ವಿಚಾರ ಕೇಳಿ, ಚೂಪಾದದ್ದನ್ನು ನುಂಗಿ ಓದುತ್ತಿದ್ದೆ. ನುಂಗಿದ್ದನ್ನು ಸಂಜೆಯೊಳಗೆ ಮರೆಯುತ್ತಿದ್ದೆ. ಜನ ಒಳ್ಳೆಯ ಮಾಸ್ತರ ಎನ್ನುತ್ತಿದ್ದರು. ಹಳಬರು ಮಾತ್ರ ಮಾಸ್ತರ ಎನ್ನದೆ ಒಡೇರೆ ಎನ್ನುತ್ತಿದ್ದರು; ಅವರ ಅಪ್ಪ ಅಜ್ಜಂದಿರು ನಮ್ಮ ತೋಟಕ್ಕೆ ಕೆಲಸಕ್ಕೆ ಬರುತ್ತಿದ್ದವರು, ಅವರಲ್ಲಿ ಕೆಲವರು ಈಗಲೂ ಬರುವವರು. ಹಾಗೆ ಕರೆಯಬೇಡಿ ಎಂದು ನಾನು ಹೇಳಿದ್ದುಂಟು. ಎಷ್ಟು ಗಟ್ಟಿಯಾಗಿ ಹೇಳಿದ್ದೆ ಎಂಬುದು ಬೇರೆ ಮಾತು.

ನಿವೃತ್ತನಾಗಿ ಎರಡನೆಯ ವರ್ಷ, ಚಳಿ ಇಳಿಯುವ ಹೊತ್ತಿಗೆ, ಸಿದ್ದಾಪುರದ ಕಡೆ ಮಂಗಗಳು ಸಾಯತೊಡಗಿದವು. ಕಾಡಿನಲ್ಲಿ ಮಂಗ ಸತ್ತು ಬಿತ್ತೆಂದರೆ ನಮ್ಮಲ್ಲಿ ಮನೆ ಮನೆಗೆ ಸುದ್ದಿ. ಸತ್ತ ಮಂಗನ ಮೈಯಿಂದ ಉಣುಗು, ರಕ್ತ ಹೀರುವ ಸಣ್ಣ ಹುಳ, ಇಳಿದು ದರಕಿನಲ್ಲಿ ಸೇರಿಕೊಳ್ಳುತ್ತದೆ. ದರಕು ಅಂದರೆ ಒಣಗಿ ಉದುರಿದ ಎಲೆ. ದನದ ಕೊಟ್ಟಿಗೆಗೆ ಹಾಸಲು ಅದನ್ನು ಗುಡಿಸಿ ತರಲು ಹೋದವರಿಗೆ ಉಣುಗು ಹತ್ತುತ್ತದೆ, ಜ್ವರ ಬರುತ್ತದೆ. ಮಂಗನ ಕಾಯಿಲೆ. ಕೆಲವರು ಏಳುತ್ತಾರೆ, ಕೆಲವರು ಏಳುವುದಿಲ್ಲ.

ಆ ವರ್ಷ ದೂರದ ಸಂಶೋಧನಾ ಸಂಸ್ಥೆಯೊಂದರ ತಂಡ ಬಂತು. ಕಾಡಿಗೆ ಹೋಗುವವರ ರಕ್ತದಲ್ಲಿ ಈ ಕಾಯಿಲೆಯ ಗುರುತು ಎಷ್ಟು ಜನರಿಗಿದೆ ಎಂದು ನೋಡುವುದು ಅವರ ಕೆಲಸ. ತಂಡದ ಮುಖ್ಯಸ್ಥೆ ಒಬ್ಬ ಡಾಕ್ಟರು, ಮೈಸೂರು ಕಡೆಯ ಕನ್ನಡದವರು, ನನ್ನ ಮಗಳ ವಯಸ್ಸು. ನಮ್ಮನೆ ಜಗುಲಿಯಲ್ಲಿ ಕೂತು ನನಗೆ ಎಲ್ಲ ವಿವರಿಸಿದರು. ಮನುಷ್ಯರ ಮೇಲೆ ಸಂಶೋಧನೆ ಮಾಡುವವರಿಗೆ ದೇಶಕ್ಕೆಲ್ಲ ಒಂದೇ ಮಾರ್ಗಸೂಚಿ ಇದೆ. ಮೊದಲು ನೈತಿಕ ಸಮಿತಿಯೊಂದು ಒಪ್ಪಬೇಕು. ಯಾರ ರಕ್ತ ತೆಗೆಯುತ್ತಾರೋ ಅವರಿಗೆ ಅವರ ಭಾಷೆಯಲ್ಲಿ ಎಲ್ಲ ತಿಳಿಸಿ ಒಪ್ಪಿಗೆ ಪಡೆಯಬೇಕು. ಅವರಿಗೆ ಓದು ಬಾರದಿದ್ದರೆ, ಸಂಶೋಧನೆಗೆ ಸಂಬಂಧವಿಲ್ಲದ, ಓದು ಬಲ್ಲ ಒಬ್ಬರು ಪೂರ್ತಿ ಹೊತ್ತು ಪಕ್ಕದಲ್ಲಿದ್ದು, ಎಲ್ಲ ಸರಿಯಾಗಿ ತಿಳಿಸಿದ್ದಾರೆ, ಇವರು ಮನಸಾರೆ ಒಪ್ಪಿದ್ದಾರೆ ಎಂದು ಸಹಿ ಹಾಕಬೇಕು. ಅವರಿಗೆ ನಿಷ್ಪಕ್ಷಪಾತ ಸಾಕ್ಷಿ ಎಂದು ಹೆಸರು. ನೀವು ಆಗಬೇಕು ಸರ್, ಊರವರೆಲ್ಲ ನಿಮ್ಮ ಹೆಸರೇ ಹೇಳುತ್ತಾರೆ ಎಂದರು.

ನನಗೆ ಹಿಗ್ಗಾಯಿತು. ಅದನ್ನೇಕೆ ಮುಚ್ಚಿಡಲಿ.

ನನ್ನಂಥವರನ್ನೆಲ್ಲ ಸೇರಿಸಿ ಶಿರಸಿಯ ಒಂದು ಸಭಾಭವನದಲ್ಲಿ ಎರಡು ದಿನ ತರಬೇತಿ ಕೊಟ್ಟರು. ಯಲ್ಲಾಪುರದಿಂದಲೂ ನಾಲ್ಕೈದು ಜನ ಬಂದಿದ್ದರು. ಪರದೆಯ ಮೇಲೆ ಚಿತ್ರ ತೋರಿಸಿ ಪಾಠ. ಎಲ್ಲೆಲ್ಲೋ ಬಡವರಿಗೆ ತಿಳಿಸದೆ ಪ್ರಯೋಗ ಮಾಡಿದ ಕತೆಗಳನ್ನು ಹೇಳಿದರು, ಅದಕ್ಕೇ ಈ ನಿಯಮಗಳು ಬಂದವು ಎಂದರು. ಕೇಳಿ ನಮಗೆಲ್ಲ ಸಿಟ್ಟು ಬಂತು. ಹೊಸ ಔಷಧಿಯ ಪ್ರಯೋಗವಾದರೆ ಕಾನೂನು ಇನ್ನೂ ಬಿಗಿ, ಕೆಲವೊಮ್ಮೆ ಒಪ್ಪಿಗೆ ಪಡೆಯುವುದನ್ನು ವಿಡಿಯೊ ಮಾಡಿ ಇಡಬೇಕಂತೆ. ನಮ್ಮದು ಬರೀ ರಕ್ತ ನೋಡುವುದು, ವಿಡಿಯೊ ಬೇಡ ಎಂದರು. ಆಗ ಅದು ಒಳ್ಳೆಯದೇ ಎನಿಸಿತ್ತು. ಕ್ಯಾಮರಾ ಎದುರು ನಮ್ಮ ಕಡೆಯವರು ಬಾಯಿ ಬಿಡುವುದಿಲ್ಲ.

ಇನ್ನೊಂದು ಪಾಠವಿತ್ತು. ವಿಶೇಷ ಎಚ್ಚರ ವಹಿಸಬೇಕಾದ ಜನರ ಪಟ್ಟಿ. ಮಕ್ಕಳು, ಗರ್ಭಿಣಿಯರು, ಕೈದಿಗಳು, ಮತ್ತೊಬ್ಬರ ಅಧೀನದಲ್ಲಿರುವುದರಿಂದ ಬೇಡ ಎನ್ನಲು ಹೆದರುವವರು. ಕೊನೆಯದಕ್ಕೆ ಪರದೆಯ ಮೇಲೆ ಸೈನಿಕನ ಚಿತ್ರವಿತ್ತು, ವಿದ್ಯಾರ್ಥಿಯ ಚಿತ್ರವಿತ್ತು. ನಾನು ಪುಸ್ತಕದಲ್ಲಿ ಬರೆದುಕೊಂಡೆ: ಸೈನಿಕ, ವಿದ್ಯಾರ್ಥಿ. ನಮ್ಮ ತೋಟದ ಬೇಲಿ ದಾಟುವ ದಣಪೆಯ ಆಚೆ ಇರುವ ಕೇರಿ ನನ್ನ ತಲೆಗೆ ಬರಲೇ ಇಲ್ಲ. ನಿಷ್ಪಕ್ಷಪಾತ ಎಂದರೆ ಸಂಶೋಧನೆಯವರ ಪಕ್ಷ ಅಲ್ಲ ಎಂದಷ್ಟೇ ಅವರು ನೋಡಿದರು. ಹೆಬ್ಬೆಟ್ಟು ಒತ್ತುವವನಿಗೆ ನಾನು ಯಾರು ಎಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಒಪ್ಪಿಗೆಯ ಫಾರಂ ದೂರದಲ್ಲೆಲ್ಲೋ ಕನ್ನಡ ಮಾಡಿಸಿದ್ದು. ಅದು ಕನ್ನಡದಂತಿರಲಿಲ್ಲ. ತಿದ್ದಿಕೊಡಿ ಎಂದರು. ಎರಡು ದಿನ ಕೂತು ತಿದ್ದಿದೆ. ಹನ್ನೊಂದು ಕಲಮುಗಳು. ನನ್ನ ಕನ್ನಡವನ್ನು ಬೇರೊಬ್ಬರಿಂದ ತಿರುಗಿ ಇಂಗ್ಲಿಷಿಗೆ ಮಾಡಿಸಿ, ಮೂಲದ ಜೊತೆ ತಾಳೆ ನೋಡಿ, ಸಮಿತಿಯವರು ಒಪ್ಪಿದರು. ಏಳನೆಯ ಕಲಮು ಹೀಗಿತ್ತು: "ನಿಮ್ಮ ಗುರುತು ಯಾರಿಗೂ ತಿಳಿಯಬಾರದೆಂದು ರಕ್ತದ ಮಾದರಿಯಿಂದ ನಿಮ್ಮ ಹೆಸರನ್ನು ಶಾಶ್ವತವಾಗಿ ಬೇರ್ಪಡಿಸಲಾಗುವುದು. ಆದ್ದರಿಂದ ನಿಮ್ಮ ರಕ್ತದಲ್ಲಿ ಏನು ಕಂಡುಬಂತೆಂದು ನಿಮಗಾಗಲಿ ನಿಮ್ಮ ಮನೆಯವರಿಗಾಗಲಿ ಮುಂದೆಂದೂ ತಿಳಿಸಲು ಸಾಧ್ಯವಿಲ್ಲ." ಇಷ್ಟು ಸ್ಪಷ್ಟವಾಗಿ ಬರೆದವನು ನಾನೇ. ಡಾಕ್ಟರು ಬಹಳ ಮೆಚ್ಚಿದರು.

ತರಬೇತಿಗೆ ಬಂದವರಲ್ಲಿ ಇಡಗುಂದಿ ಕಡೆಯ ನಿವೃತ್ತ ಶಾಲೆ ಮಾಸ್ತರರೊಬ್ಬರಿದ್ದರು. ಅವರ ಊರಿನಲ್ಲಿ ಅವರು ಹನ್ನೊಂದು ಕಲಮನ್ನೂ ಪಾಠ ಒಪ್ಪಿಸಿದಂತೆ ಓದಿದರಂತೆ, ಅರ್ಥವಾಗದಿದ್ದರೆ ಮತ್ತೆ ಓದಿದರಂತೆ. ಅರ್ಧ ಜನ ಎದ್ದು ಮನೆಗೆ ಹೋದರು. ತಂಡದವರು ನನ್ನ ಹತ್ತಿರ ಬೇಜಾರು ಹೇಳಿಕೊಂಡರು. ಆ ಸರ್‌ಗೆ ಜನರ ಜೊತೆ ಹೊಂದಿಕೊಳ್ಳಲು ಬರುವುದಿಲ್ಲ ಎಂದರು. ನಾನು ನಕ್ಕೆ. ನಮ್ಮ ಕಡೆ ಹಾಗಾಗುವುದಿಲ್ಲ ಎಂದೆ.

ಹಾಗಾಗಲಿಲ್ಲ. ದಣಪೆಯಾಚೆಯ ಕೇರಿಯಲ್ಲಿ ಒಬ್ಬರೂ ಎದ್ದು ಹೋಗಲಿಲ್ಲ.

ಕೇರಿಯ ಒಂದು ಮನೆಯ ಅಂಗಳದಲ್ಲಿ ಎರಡು ಮೇಜು ಹಾಕಿದ್ದರು. ಒಂದರಲ್ಲಿ ಫಾರಂ, ಇನ್ನೊಂದರಲ್ಲಿ ಸೂಜಿ ಸೀಸೆ. ನಿಯಮದ ಪ್ರಕಾರ ತಂಡದ ಹುಡುಗಿ ಓದಬೇಕು, ನಾನು ಕೂತು ನೋಡಬೇಕು. ಅವಳು ಓದತೊಡಗಿದಳು. ಅವಳ ಮಾತು ಜನಕ್ಕೆ ಹತ್ತಲಿಲ್ಲ. ಎರಡು ಫಾರಂ ಮುಗಿಯುವಷ್ಟರಲ್ಲಿ ಬಿಸಿಲು ತಲೆ ಮೇಲೆ ಬಂತು. "ಸರ್, ನೀವೇ ಓದಿಬಿಡಿ, ನಿಮ್ಮ ಭಾಷೆ ಅವರಿಗೆ ಅರ್ಥ ಆಗತ್ತೆ" ಎಂದಳು. ನಾನು ಕನ್ನಡಕ ತೆಗೆದು ಒರೆಸಿಕೊಂಡೆ. ಓದುವವನೂ ನಾನೇ ಆದೆ, ಸರಿಯಾಗಿ ಓದಿದ್ದಾರೆ ಎಂದು ಸಹಿ ಹಾಕುವವನೂ ನಾನೇ ಆದೆ. ಅದು ತಪ್ಪೆಂದು ನನಗೆ ತಿಳಿಯಲಿಲ್ಲ ಎನ್ನುವಂತಿಲ್ಲ. ಎರಡು ದಿನ ಅದನ್ನೇ ಕೇಳಿ ಬಂದಿದ್ದೆ. ಆದರೆ ಆ ಹೊತ್ತಿಗೆ ಅದೊಂದು ಉಪಕಾರದಂತೆ ಕಂಡಿತು.

ಆ ಸಾಲಿನಲ್ಲಿ ಒಂದು ಗಂಡ ಹೆಂಡತಿ ಇದ್ದರು. ನನಗಿಂತ ಹದಿನೈದು ವರ್ಷ ಸಣ್ಣವರು. ಅವಳು ಚಿಕ್ಕವಳಿದ್ದಾಗಲೇ ಅವ್ವನ ಜೊತೆ ನಮ್ಮಲ್ಲಿಗೆ ಅಡಿಕೆ ಸುಲಿಯಲು ಬರುತ್ತಿದ್ದಳು. ಆಮೇಲೆ ಗಂಡನ ಜೊತೆ ಬಂದಳು. ಅವನು ಕಡಿಮೆ ಮಾತಿನವನು, ನಮ್ಮ ತೋಟಕ್ಕೆ ಸೇರಿದ ಸೊಪ್ಪಿನ ಬೆಟ್ಟದ ದಾರಿಯೆಲ್ಲ ಅವನ ಕಾಲಿಗೆ ಗೊತ್ತು. ತಮ್ಮ ಕೊಟ್ಟಿಗೆಗೆ ಹಾಸಲು ಬೇಕಾದ ದರಕನ್ನು ಅವರಿಬ್ಬರೂ ನಮ್ಮ ಬೆಟ್ಟದಿಂದಲೇ ತರುತ್ತಿದ್ದರು.

ಇಷ್ಟು ರಕ್ತ ತೆಗೆಯುತ್ತಾರೆ, ಸಣ್ಣ ನೋವು, ನಿಮಗೂ ಊರಿಗೂ ಒಳ್ಳೆಯದಾಗುವ ಕೆಲಸ ಎಂದೆಲ್ಲ ನಾನು ಹೇಳಿದೆ. ಅವಳು ಸೆರಗು ಸರಿ ಮಾಡಿಕೊಂಡು, "ನೋಡನ ಬಿಡಿ ಒಡೇರೆ, ಇನ್ನೊಂದ್ ಸಲ ಬಂದಾಗ ಕೊಟ್ರಾತು" ಎಂದಳು.

ಇಲ್ಲಿಯ ಮಾತಿನ ರೀತಿ ತಿಳಿಯದವರಿಗೆ ಇದೊಂದನ್ನು ಹೇಳಬೇಕು. ಅಂಗಳಕ್ಕೆ ಬಂದು ನಿಂತವರಿಗೆ ಬೇಡ ಎನ್ನುವ ಮಾತು ನಮ್ಮಲ್ಲಿ ಇಲ್ಲ. ನೋಡನ ಎನ್ನುತ್ತಾರೆ. ಹೆಣ್ಣು ಕೇಳಲು ಬಂದವರಿಗೂ ನೋಡನ, ಗದ್ದೆ ಗೇಣಿಗೆ ಕೇಳಿದವರಿಗೂ ನೋಡನ. ಕೇಳಿದವರು ತಿಳಿದು ಎದ್ದು ಹೋಗಬೇಕು. ಫಾರಮಿನಲ್ಲಿ ಒಪ್ಪಿದ್ದೇನೆ, ಒಪ್ಪಿಲ್ಲ ಎಂದು ಎರಡು ಚೌಕ ಇದ್ದವು. ನೋಡನ ಎಂಬುದಕ್ಕೆ ಚೌಕ ಇರಲಿಲ್ಲ. ಅದು ಯಾವ ಚೌಕಕ್ಕೆ ಸೇರಬೇಕೆಂದು ಆ ಅಂಗಳದಲ್ಲಿ ಗೊತ್ತಿದ್ದ ಓದು ಬಲ್ಲವನು ನಾನೊಬ್ಬನೇ. ನಾನು, "ಇನ್ನೊಂದ್ ಸಲ ಎಲ್ಲಿ ಬರ್ತ್ರೆ, ಇವತ್ತೇ ಕೊಟ್ಬಿಡು" ಎಂದೆ.

ಅವಳ ಗಂಡ ಆಗ ಒಂದೇ ಒಂದು ಪ್ರಶ್ನೆ ಕೇಳಿದ. "ರಕ್ತದಲ್ಲಿ ಎಂತಾರೂ ಇದ್ರೆ ನಮಗೆ ಹೇಳ್ತ್ರಾ ಒಡೇರೆ?"

ನನ್ನ ಬೆರಳು ಏಳನೆಯ ಕಲಮಿನ ಮೇಲೇ ಇತ್ತು. ಅವನ ಮುಖ ನೋಡಿದೆ. ಹಿಂದೆ ಇನ್ನೂ ಇಪ್ಪತ್ತು ಜನ ಬಿಸಿಲಿನಲ್ಲಿ ನಿಂತಿದ್ದರು. "ಹೇಳ್ದೆ ಎಂತ ಮಾಡ್ತ್ರೋ, ಕೇಳಿದ್ರೆ ಹೇಳ್ತ್ರು" ಎಂದೆ.

ಇಬ್ಬರೂ ಹೆಬ್ಬೆಟ್ಟು ಒತ್ತಿದರು. ನಾನು ಸಹಿ ಹಾಕಿದೆ. ಎರಡು ದಿನದಿಂದ ಮೈಕೈ ನೋವು, ತಲೆ ಜಡ ಎಂದು ಅವನು ಸೂಜಿ ಚುಚ್ಚಿದವಳಿಗೆ ಹೇಳಿದ. ಅವಳು ಬರೆದುಕೊಂಡಳು, ಜ್ವರ ಹೆಚ್ಚಾದರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ ಎಂದು ಎರಡು ಸಲ ಹೇಳಿದಳು. ಅವಳ ಕಡೆಯಿಂದ ತಪ್ಪಿಲ್ಲ.

ಮರುದಿನವೇ ಅವನಿಗೆ ಜ್ವರ ಏರಿತು. ಎರಡು ದಿನ ಕಷಾಯ ಕುಡಿದ. ಮೂರನೆಯ ದಿನ ತಾಲೂಕು ಆಸ್ಪತ್ರೆಗೆ ಒಯ್ದರು, ಅಲ್ಲಿಂದ ಕರಾವಳಿಯ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಘಟ್ಟ ಇಳಿಯುವಾಗ ಆಂಬುಲೆನ್ಸಿನಲ್ಲೇ ಹೋಗಿಬಿಟ್ಟ. ಆಸ್ಪತ್ರೆಯ ಕಾಗದದಲ್ಲಿ ತೀವ್ರ ಜ್ವರ ಎಂದಷ್ಟೇ ಇತ್ತು. ಯಾವ ಜ್ವರ ಎಂದು ಇರಲಿಲ್ಲ. ತಾಲೂಕು ಆಸ್ಪತ್ರೆಯಲ್ಲಿ ಅದನ್ನು ನೋಡಲು ತೆಗೆಯಬೇಕಾದ ರಕ್ತವನ್ನು ಮುಂದಿನ ಆಸ್ಪತ್ರೆಯಲ್ಲಿ ತೆಗೆಯುತ್ತಾರೆಂದು ಬಿಟ್ಟಿದ್ದರು.

ಹದಿಮೂರನೆಯ ದಿನ ಮುಗಿದ ಮೇಲೆ ಅವಳು ನಮ್ಮಲ್ಲಿಗೆ ಬಂದಳು. ಕೆಲಸಕ್ಕೆ ಬಂದವಳಲ್ಲ. ಮೆಟ್ಟಿಲ ಮೇಲೆ ಕೂತಳು, ಹಿಂದೆ ಕಾಗದ ಓದಿಸಲು ಕೂರುತ್ತಿದ್ದಂತೆ. ನನ್ನ ಹೆಂಡತಿ ಚಾ ತಂದಿಟ್ಟು ಒಳಗೆ ಹೋದಮೇಲೆ ಹೇಳಿದಳು. ಗಂಡ ಸಾಯುವ ಹದಿನೈದು ದಿನ ಮೊದಲು ಬೆಟ್ಟದ ಮೇಲಿನ ಅಂಚಿನಲ್ಲಿ ಅವಳು ಸತ್ತ ಮಂಗನನ್ನು ನೋಡಿದ್ದಳು. ಆಶಾ ಕಾರ್ಯಕರ್ತೆಗೆ ಹೇಳಬೇಕಿತ್ತು. ಹೇಳಿದರೆ ಇಲಾಖೆಯವರು ಬಂದು ಉಣುಗು ಸಾಯುವ ಪುಡಿ ಹೊಡೆದು, ಈ ಬೆಟ್ಟಕ್ಕೆ ಯಾರೂ ಹೋಗಬೇಡಿ ಎನ್ನುತ್ತಾರೆ. ಕೊಟ್ಟಿಗೆಯಲ್ಲಿ ದರಕು ಮುಗಿದಿತ್ತು. ಮತ್ತೊಂದು ವಾರ ಹೋಗಲಿ ಎಂದು ಬಾಯಿ ಮುಚ್ಚಿಕೊಂಡಳು. ಗಂಡನಿಗೂ ಹೇಳಲಿಲ್ಲ. ಅವನು ಆ ಅಂಚಿನಿಂದಲೇ ಆರು ಹೊರೆ ತಂದ.

"ಯಾರಿಗೂ ಹೇಳಿಲ್ಲ ಒಡೇರೆ, ನಿಮಗೇ ಹೇಳಿದ್ದು. ಆ ಡಾಕ್ಟ್ರ ಹತ್ರ ಇವ್ರ ರಕ್ತ ಐತಲ. ಕೇಳಿದ್ರೆ ಹೇಳ್ತ್ರು ಅಂದಿದ್ರಿ. ಅದೇ ಕಾಯ್ಲೆ ಹೌದಾ ಅಲ್ವಾ, ಅದೊಂದು ಕೇಳಿ. ಹೌದು ಅಂದ್ರೆ ಹೌದು. ನಾನೇ ಕಳಿಸ್ದೆ ಅಂತ ಗೊತ್ತಾಗ್ತದೆ. ಅಲ್ಲ ಅಂದ್ರೆ ಮಲಗಿದ್ರೆ ನಿದ್ದೆಯಾದ್ರೂ ಬರ್ತದೆ."

ಆಗಲೇ ಹೇಳಿಬಿಡಬಹುದಿತ್ತು. ಏಳನೆಯ ಕಲಮನ್ನು ಬರೆದವನು ನಾನು, ಅದರಲ್ಲಿ ಏನಿದೆ ಎಂದು ನನಗಿಂತ ಚೆನ್ನಾಗಿ ಗೊತ್ತಿದ್ದವರು ಯಾರು. ಆದರೆ ನಾನು ಅವಳ ಮುಖ ನೋಡಿದೆ. ಕೇಳ್ತೆ, ವಿಚಾರ ಮಾಡ್ತೆ ಎಂದೆ. ಅವಳು ಹೋದಮೇಲೆ ಒಳಗಿನಿಂದ ನನ್ನ ಹೆಂಡತಿ ಬಂದಳು. ಗೋಡೆಗೆ ಕಿವಿಯಿರುವ ಮನೆ ನಮ್ಮದು. "ಎಂತಕ್ಕೆ ಆಸೆ ಹುಟ್ಸ್‌ತ್ರಿ? ಆಗ್ತಿಲ್ಲೆ ಹೇಳಿ ಗೊತ್ತಿದ್ದಲ" ಎಂದಳು. ನಾನು ಏನೋ ಸಿಡುಕಿದೆ.

ಆದರೂ ಪ್ರಯತ್ನ ಮಾಡಲೇಬೇಕಿತ್ತು. ಡಾಕ್ಟರಿಗೆ ಫೋನು ಮಾಡಿದೆ. ಅವರು ಬೇರೆ ಕೆಲಸ ಹಿಡಿದು ಹೋಗಿದ್ದರು. ಆದರೂ ಪಾಪ ಮಾತಾಡಿದರು. ಎಲ್ಲ ಕೇಳಿಕೊಂಡು, ಫಾರಮಿನಲ್ಲೇ ಬರೆದಿತ್ತಲ್ಲ ಸರ್ ಎಂದರು. ನೈತಿಕ ಸಮಿತಿಯ ವಿಳಾಸವೂ ಫಾರಮಿನಲ್ಲೇ ಇತ್ತು; ದೂರಿದ್ದರೆ ಇಲ್ಲಿಗೆ ಬರೆಯಿರಿ ಎಂದು ಹತ್ತನೆಯ ಕಲಮು. ಸಮಿತಿಗೆ ನನ್ನ ಒಳ್ಳೆಯ ಅಕ್ಷರದಲ್ಲಿ ಎರಡು ಪುಟ ಬರೆದೆ. ಅವಳು ಮಂಗನ ವಿಚಾರ ಹೇಳಿದ್ದನ್ನು ಬರೆಯಲಿಲ್ಲ. ನಾನು ಏಳನೆಯ ಕಲಮು ಓದಲಿಲ್ಲ ಎಂಬುದನ್ನೂ ಬರೆಯಲಿಲ್ಲ. ಒಬ್ಬ ವಿಧವೆಯ ಮನಸ್ಸಿನ ನೆಮ್ಮದಿ ಎಂದು, ಮಾನವೀಯತೆ ಎಂದು, ಕನ್ನಡದಲ್ಲಿ ಇರುವ ದೊಡ್ಡ ಶಬ್ದಗಳನ್ನೆಲ್ಲ ಹಾಕಿ ಬರೆದೆ.

ಮುರುಗಲು ಹಣ್ಣಾಗುವ ಕಾಲಕ್ಕೆ ಉತ್ತರ ಬಂತು. ರಿಜಿಸ್ಟರ್ಡ್ ಟಪಾಲು, ಇಂಗ್ಲಿಷಿನಲ್ಲಿ. ನನ್ನ ಹಳೆಯ ಮೇಜಿನ ಹಿಂದೆ ಈಗ ಕೂರುವ ಹುಡುಗಿ ತಂದುಕೊಟ್ಟು, ಯಾವುದೋ ದೊಡ್ಡ ಕಾಗದ ಮಾಸ್ತರೆ ಎಂದಳು.

ಬಹಳ ಮರ್ಯಾದೆಯ ಕಾಗದ. ನನ್ನ ಮನವಿಯನ್ನು ಸಮಿತಿ ಸಹಾನುಭೂತಿಯಿಂದ ಪರಿಶೀಲಿಸಿದೆ. ರಾಷ್ಟ್ರೀಯ ಮಾರ್ಗಸೂಚಿಯಂತೆ ಹಾಗೂ ಒಪ್ಪಿತ ಯೋಜನೆಯಂತೆ, ಭಾಗವಹಿಸಿದವರ ಖಾಸಗಿತನ ಕಾಪಾಡಲು ಮಾದರಿಗಳಿಂದ ಹೆಸರುಗಳನ್ನು ತೆಗೆಯಲಾಗಿದೆ. ಹೆಸರಿರುವ ಫಾರಂ ಒಂದು ಕಡೆ ಇದೆ, ರಕ್ತ ಇನ್ನೊಂದು ಕಡೆ ಇದೆ, ಯಾವ ರಕ್ತ ಯಾರದೆಂದು ಈಗ ಯಾರೂ ಹೇಳಲಾರರು. ಈ ವಿಷಯವನ್ನು ಅವರಿಗೆ ಅವರದೇ ಭಾಷೆಯಲ್ಲಿ, ನಿಷ್ಪಕ್ಷಪಾತ ಸಾಕ್ಷಿಯ ಸಮ್ಮುಖದಲ್ಲಿ ತಿಳಿಸಿ ಒಪ್ಪಿಗೆ ಪಡೆದಿರುವುದನ್ನು ಸಮಿತಿ ಗಮನಿಸಿದೆ. ಪ್ರತಿ ಲಗತ್ತಿಸಿದೆ.

ಲಗತ್ತಿಸಿದ ಹಾಳೆಯಲ್ಲಿ ಏಳನೆಯ ಕಲಮಿಗೆ ಹಳದಿ ಬಣ್ಣ ಬಳಿದಿದ್ದರು. ಕೆಳಗೆ ಅವನ ಹೆಬ್ಬೆಟ್ಟು. ಅದರ ಪಕ್ಕ ನನ್ನ ಸಹಿ, ದೊಡ್ಡಪ್ಪನಂತೆಯೇ ಸುಂದರ ಅಕ್ಷರದಲ್ಲಿ, ಕೆಳಗೆ ಒಂದು ಗೆರೆ ಎಳೆದು.

ಆ ಕಾಗದದಲ್ಲಿ ತಪ್ಪು ಹುಡುಕಿದೆ. ನಾಲ್ಕೈದು ಸಲ ಓದಿದೆ, ಒಂದೂ ಸಿಗಲಿಲ್ಲ. ಎಲ್ಲಾದರೂ ಸರಕಾರಿ ಉಡಾಫೆ ಇದ್ದಿದ್ದರೆ ಅದರ ಮೇಲೆ ಕೂಗಾಡಿ ಹಗುರಾಗುತ್ತಿದ್ದೆ. ನಿಯಮ ಮಾಡಿದವರು ನನ್ನಂಥವನೊಬ್ಬ ಇರುತ್ತಾನೆಂದು ಎಣಿಸಿಯೇ ಒಂದೊಂದು ಬಾಗಿಲಿಗೂ ಅಗಳಿ ಹಾಕಿದ್ದರು; ಆಮೇಲೆ ಅಗಳಿಯನ್ನು ನನ್ನ ಕೈಯಲ್ಲೇ ಕೊಟ್ಟಿದ್ದರು.

ಅವಳ ಮನೆಗೆ ಹೋಗುವ ದಾರಿಯಲ್ಲಿ ಒಂದು ಸುಳ್ಳನ್ನು ಸಿದ್ಧ ಮಾಡಿಕೊಂಡೆ. ಸಣ್ಣ ಸುಳ್ಳು: ಅದು ಮಂಗನ ಕಾಯಿಲೆ ಅಲ್ಲವಂತೆ, ಬೇರೆ ಏನೋ ಜ್ವರವಂತೆ. ಕಾಗದ ಇಂಗ್ಲಿಷಿನಲ್ಲಿದೆ. ಅವಳಿಗೆ ನಿದ್ದೆ ಬರುತ್ತದೆ, ನನಗೂ ಬರುತ್ತದೆ. ದೊಡ್ಡಪ್ಪ ಇದ್ದಿದ್ದರೆ ಹಾಗೇ ಮಾಡುತ್ತಿದ್ದರು ಎಂದು ನನಗೆ ನಾನೇ ಹೇಳಿಕೊಂಡೆ.

ಅವಳು ಅಂಗಳದಲ್ಲಿ ಮುರುಗಲು ಸಿಪ್ಪೆ ಹರವುತ್ತಿದ್ದಳು. ಕೈಯೆಲ್ಲ ಕೆಂಪು. ನನ್ನನ್ನು ನೋಡಿ ಕಂಬಳಿ ಹಾಸಿದಳು, ನೀರು ಕೊಟ್ಟಳು. ನಾನು ಕಾಗದ ಬಿಚ್ಚಿ, ಕನ್ನಡಕ ತೆಗೆದು ಒರೆಸಿಕೊಳ್ಳುತ್ತ, ಈ ವರ್ಷ ಮುರುಗಲು ಚೆನ್ನಾಗಿ ಬಂತೇ ಎಂದು ಕೇಳಿದೆ.

ಅವಳು ಕೈ ನಿಲ್ಲಿಸಿ ನನ್ನನ್ನೇ ನೋಡಿದಳು.

"ಒಡೇರೆ, ಈ ಸಲ ಬರ್ದಿದ್ದು ಬರ್ದಂಗೇ ಓದಿ."

ನಾನು ಹಾಗೇ ಓದುವವನಲ್ಲವೇ ಎಂಬಂತೆ ಏನೋ ಅಂದೆ.

"ನೀವು ಬಿಟ್ಟು ಬಿಟ್ಟು ಓದ್ತ್ರಿ ಅಂತ ಕೇರಿಗೆಲ್ಲ ಗೊತ್ತೈತೆ. ಕನ್ನಡಕ ಒರ್ಸಿದ್ರೆ ಎಂತೋ ಐತೆ ಅಂತ ನನ್ನವ್ವನೇ ಹೇಳ್ತಿದ್ಲು. ಗೋವಾದಿಂದ ನಮ್ಮಣ್ಣನ ಕಾಗದ ಬಂದಾಗ ನೀವು ಓದಿದ್ ಮ್ಯಾಲೆ ನಾನು ಶಾಲೆ ಅಕ್ಕೋರ ಹತ್ರ ಹೋಗಿ ಮತ್ತೊಂದ್ ಸಲ ಓದಿಸ್ದೆ. ನಿಮಗೆ ಬೇಜಾರಾಗ್ತದೆ ಅಂತ ಹೇಳ್ಲಿಲ್ಲ."

ಮೂವತ್ತು ವರ್ಷ ನಾನು ಅವರ ಮುಖ ನೋಡಿ ಓದುತ್ತಿದ್ದೇನೆ ಎಂದುಕೊಂಡಿದ್ದೆ. ಅವರು ನನ್ನ ಮುಖ ಓದುತ್ತಿದ್ದರು.

ಕನ್ನಡಕ ಹಾಕಿಕೊಂಡೆ. ಇಂಗ್ಲಿಷಿನ ಒಂದೊಂದು ವಾಕ್ಯವನ್ನೂ ಕನ್ನಡ ಮಾಡಿ, ಏನೂ ಬಿಡದೆ ಹೇಳಿದೆ. ಆಮೇಲೆ ಹಳದಿ ಬಳಿದ ಏಳನೆಯ ಕಲಮನ್ನು ಓದಿದೆ. ನಾನು ಬರೆದ ಮೇಲೆ ಅದನ್ನು ಗಟ್ಟಿಯಾಗಿ ಓದಿದ್ದು ಅದೇ ಮೊದಲು. ಮುಂದೆಂದೂ ತಿಳಿಸಲು ಸಾಧ್ಯವಿಲ್ಲ ಎಂಬುದನ್ನೂ ನುಂಗದೆ ಓದಿದೆ.

"ಇದು ಅವತ್ತೂ ಇತ್ತಾ?" ಎಂದು ಕೇಳಿದಳು.

"ಇತ್ತು."

"ಇವ್ರು ಕೇಳಿದ್ದಕ್ಕೆ ಹೇಳ್ತ್ರು ಅಂದ್ರಲ."

"ಅಂದೆ."

ಅವಳು ಸ್ವಲ್ಪ ಹೊತ್ತು ಸಿಪ್ಪೆಗಳನ್ನು ಮಗುಚಿ ಹಾಕಿದಳು. ಬೈಯಲಿ ಎಂದು ಕಾಯುತ್ತಿದ್ದೆ. ಅವಳು ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಲೆಕ್ಕಕ್ಕೆ ಬಾರದ ಸಂಗತಿಯೊಂದನ್ನು ಹೇಳುವಂತೆ ಹೇಳಿದಳು. "ಅವತ್ತು ಇದನ್ನ ಓದಿದ್ರೂ ನಾವು ಒತ್ತತಿದ್ವಿ ಬಿಡಿ. ನೀವು ಬಂದು ನಿಂತಿದ್ರಲ."

ಕಾಗದ ಇಲ್ಲಿಡಿ ಎಂದಳು. ಇಟ್ಟು ಬಂದೆ. ಅವಳು ಅದನ್ನು ಮತ್ತೊಬ್ಬರ ಹತ್ತಿರ ಓದಿಸಿರಬಹುದು. ಓದಿಸಿರಲಿ ಎಂದು ನನಗಾಸೆ. ಈ ಸಲವಾದರೂ ನನ್ನ ಓದಿಗೂ ಬರೆದಿದ್ದಕ್ಕೂ ತಾಳೆಯಾಗಿರುತ್ತದೆ. ಅವಳ ಪ್ರಶ್ನೆಗೆ ಮಾತ್ರ ಉತ್ತರ ಈ ಭೂಮಿಯ ಮೇಲೆ ಎಲ್ಲೋ ಒಂದು ತಂಪು ಪೆಟ್ಟಿಗೆಯಲ್ಲಿ, ಸಂಖ್ಯೆ ಬರೆದ ಸೀಸೆಯಲ್ಲಿ ಇದೆ. ಇದ್ದೂ ಇಲ್ಲ. ಅವಳು ನಮ್ಮ ಬೆಟ್ಟಕ್ಕೆ ಹೋಗುವುದನ್ನು ಬಿಟ್ಟಳು. ಎಮ್ಮೆ ಮಾರಿದಳು. ನನ್ನ ಹೆಂಡತಿ ದಾರಿಯಲ್ಲಿ ಕಂಡು, ನಿದ್ದೆ ಬತ್ತಾ ಎಂದು ಕೇಳಿದ್ದಕ್ಕೆ, ಬತ್ತದೆ ಒಮ್ಮೊಮ್ಮೆ ಎಂದಳಂತೆ.

ಮುಂದಿನ ವರ್ಷ ಮಂಗಗಳು ಮತ್ತೆ ಸತ್ತವು. ಮತ್ತೊಂದು ತಂಡ ಬಂತು. ಹಿಂದಿನ ತಂಡದವರ ಕಡತದಲ್ಲಿ ನಮ್ಮೂರು ಪೂರ್ತಿ ಸಹಕರಿಸಿದ ಊರೆಂದು ಇತ್ತಂತೆ, ನನ್ನ ಹೆಸರೂ ಇತ್ತಂತೆ. ಸಾಕ್ಷಿಯಾಗಲು ನಾನು ಲಾಯಕ್ಕಿಲ್ಲ, ಇವರು ನಮ್ಮ ಕೆಲಸಕ್ಕೆ ಬರುವ ಜನ ಎಂದೆ. ಅದಕ್ಕೇ ಸರ್, ನಿಮ್ಮ ಮೇಲೆ ಅವರಿಗೆ ವಿಶ್ವಾಸ ಎಂದರು. ನಾನು ಓದುವುದಿಲ್ಲ, ನೀವೇ ಓದಬೇಕು, ಒಂದು ಸಾಲೂ ಬಿಡಬಾರದು, ಅಷ್ಟಾದರೆ ದೂರದಲ್ಲಿ ಕೂರುತ್ತೇನೆ ಎಂದೆ. ಒಪ್ಪಿದರು. ಹೋಗಬಾರದಿತ್ತು ಎಂದು ಈಗಲೂ ಒಮ್ಮೊಮ್ಮೆ ಅನಿಸುತ್ತದೆ. ಹೋಗದಿದ್ದರೆ ನೋಡುತ್ತಿರಲಿಲ್ಲ.

ಹುಡುಗನೊಬ್ಬ ಓದಿದ. ತಡವರಿಸಿ ಓದಿದ, ಆದರೆ ಪೂರ್ತಿ ಓದಿದ. ಅವಳ ಸರದಿ ಬಂತು. ಕೈ ಕಟ್ಟಿ ನಿಂತು ಕೊನೆಯವರೆಗೆ ಕೇಳಿದಳು. ನೋಡನ ಎನ್ನಲಿಲ್ಲ.

"ಬ್ಯಾಡ" ಎಂದಳು.

ಬಂದು ನಿಂತವರ ಎದುರು ಆ ಮಾತು ಬರಿದೇ ಹೊರಬಿದ್ದಿದ್ದನ್ನು ಆ ಕೇರಿಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಹಾಗೆಂದು ಅವಳು ನನ್ನ ಕಡೆ ತಿರುಗಿ, "ಬರ್ಕಳ್ಳಿ ಒಡೇರೆ. ಬ್ಯಾಡ ಅಂತ ಬರ್ದು ಸಹಿ ಹಾಕಿ" ಎಂದಳು.

ಎದ್ದು ಮೇಜಿನ ಹತ್ತಿರ ಹೋದೆ. ಹುಡುಗ ಆಗಲೇ ಅವಳ ಫಾರಮನ್ನು ಕೆಳಗಿನ ರಟ್ಟಿನ ಪೆಟ್ಟಿಗೆಗೆ ಹಾಕಿ ಮುಂದಿನವರನ್ನು ಕರೆದಿದ್ದ. ಅದನ್ನು ಕೊಡು, ಸಾಕ್ಷಿಯ ಸಹಿ ಹಾಕುತ್ತೇನೆ ಎಂದೆ. ಅವನಿಗೆ ಅರ್ಥವಾಗಲಿಲ್ಲ. ಒಪ್ಪಿದವರಿಗೆ ಮಾತ್ರ ಸರ್ ಸಾಕ್ಷಿ ಬೇಕಾಗಿರೋದು, ಬೇಡ ಅಂದವರಿಗೆ ಬೇಡ, ಅದಕ್ಕೆ ಇದರಲ್ಲಿ ಜಾಗ ಇಲ್ಲ ಎಂದ. ಹೌದು, ನೋಡಿದೆ. ಜಾಗ ಇರಲಿಲ್ಲ.

ಅವಳು ನನ್ನ ಪೆನ್ನನ್ನೇ ನೋಡುತ್ತ ಇನ್ನೂ ಅಲ್ಲೇ ನಿಂತಿದ್ದಳು.